ಕೊಸರಿಗೆ ಬಂದ ಸೀಡಿ

ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಕಾಯುವುದಕ್ಕೆ ಒಂದು ಸೀಡಿ ಇದೆ. ನಡುವಿನ ತೂತಿಗೆ ಮಗ್ಗದ ಹಳೆಯ ಹುರಿಯೊಂದನ್ನು ಪೋಣಿಸಿ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದ್ದೇನೆ. ಗಾಳಿ ಬೀಸಿದರೆ ತಿರುಗುತ್ತದೆ, ತಿರುಗಿದರೆ ಫಳಕ್ಕೆಂದು ಹೊಳೆಯುತ್ತದೆ, ಹೊಳೆದರೆ ಕಾಗೆ ಓಡುತ್ತದೆ. ನಮ್ಮ ಮೊಳಕಾಲ್ಮುರಿನ ಕಾಗೆಗಳು ಕೋಲಿಗೆ ಹೆದರುವವಲ್ಲ, ಕರಿ ಕೊಡೆಗೆ ಹೆದರುವವಲ್ಲ, ನನ್ನ ಬಾಯಿಗೂ ಹೆದರಿದವಲ್ಲ. ಈ ಬೀದಿಯಲ್ಲಿ ನನ್ನ ಬಾಯಿಗೆ ಹೆದರದ್ದು ಕಾಗೆಯೊಂದೇ.

ಮೊನ್ನೆ ಎದುರು ಮನೆಯ ಹೊಸ ಸೊಸೆ ಬಟ್ಟೆ ಹರವುತ್ತಾ ಕೇಳಿದಳು.

"ಅಜ್ಜಿ, ಅದ್ರಾಗೆ ಯಾವ ಪಿಚ್ಚರ್ ಐತೆ?"

"ಪಿಚ್ಚರ್ ಅಲ್ಲವ್ವ. ನನ್ನ ಸೀರೆ ಇತ್ತು."

ಆ ಹುಡುಗಿ ಒಂದು ಗಳಿಗೆ ನನ್ನ ಮುಖ ನೋಡಿ, ಕೈಯಲ್ಲಿದ್ದ ಲುಂಗಿಯನ್ನು ಎರಡು ಸಲ ಕೊಡವಿ ಕೆಳಗಿಳಿದು ಹೋದಳು. ಪಾಪ, ಅಜ್ಜಿಗೆ ಅರಳುಮರಳು ಅಂದುಕೊಂಡಿರಬೇಕು. ಅವಳನ್ನು ನಿಲ್ಲಿಸಿ ಹೇಳೋಣವೆಂದರೆ ಒಲೆಯ ಮೇಲೆ ಅನ್ನ ಇತ್ತು. ಈಗ ಅನ್ನ ಬಸಿದಾಗಿದೆ, ನಿಮಗೆ ಹೇಳುತ್ತೇನೆ. ಮೊದಲೇ ತಿಳಿಸಿಬಿಡುತ್ತೇನೆ, ಇದು ನನ್ನ ಮೊಮ್ಮಗಳನ್ನು ಹೊಗಳುವುದಕ್ಕೆ ಬರೆಯುತ್ತಿರುವುದು. ಬೇರೆಯವರ ಮೊಮ್ಮಕ್ಕಳ ಹೊಗಳಿಕೆ ಕೇಳಿದರೆ ಯಾರಿಗಾದರೂ ತೂಕಡಿಕೆ ಬರುತ್ತದೆ, ನನಗೂ ಬರುತ್ತದೆ. ಆದರೆ ಇದರಲ್ಲಿ ನಾನು ಬುದ್ಧಿ ಕೆಟ್ಟು ಮಾಡಿದ ಕೆಲಸವೂ ಒಂದಿದೆ. ಅದಕ್ಕಾದರೂ ಕೂತು ಕೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಅಲ್ಲ. ದೀಪಾವಳಿ ರಜೆಗೆ ಮನೆಗೆ ಬಂದವಳನ್ನು ನಮ್ಮವ್ವ ರಾಟೆಯ ಮುಂದೆ ಕೂರಿಸಿದಳು, ಆ ರಜೆ ಇನ್ನೂ ಮುಗಿದಿಲ್ಲ. ಲಾಳಿಯೊಳಗೆ ಹಾಕುವ ಪುಟ್ಟ ಕಡ್ಡಿಗೆ ರೇಷ್ಮೆ ಸುತ್ತುವುದಕ್ಕೆ ಕಂಡಿಕೆ ಸುತ್ತುವುದು ಅನ್ನುತ್ತೇವೆ. ನನ್ನ ಬಾಲ್ಯವೆಲ್ಲ ಆ ಕಂಡಿಕೆಗೆ ಸುತ್ತಿಕೊಂಡು ಹೋಯಿತು. ಮೂರು ಬೀದಿ ಆಚೆ ಹುಟ್ಟಿದವಳು, ಮೂರು ಬೀದಿ ಈಚೆ ಮದುವೆಯಾಗಿ ಬಂದೆ. ಅಲ್ಲಿಯೂ ರಾಟೆ, ಇಲ್ಲಿಯೂ ರಾಟೆ. ಬದಲಾದದ್ದು ಎಂದರೆ ಅಲ್ಲಿ ಅವ್ವ ಬೈಯುತ್ತಿದ್ದಳು, ಇಲ್ಲಿ ಅತ್ತೆ ಬೈಯುತ್ತಿದ್ದರು. ಅತ್ತೆ ಸ್ವಲ್ಪ ತೆಲುಗು ಬೆರೆಸಿ ಬೈಯುತ್ತಿದ್ದರು, ಅಷ್ಟೇ.

ನಮ್ಮ ಯಜಮಾನರದು ಕುಣಿ ಮಗ್ಗ, ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುವಂಥದ್ದು. ಅದರ ನೆತ್ತಿಯ ಮೇಲೆ ಜಕಾರ್ಡು ಎಂಬ ಯಂತ್ರ. ಅದಕ್ಕೆ ತೂತು ಹೊಡೆದ ರಟ್ಟುಗಳ ಒಂದು ಮಾಲೆ ಕಟ್ಟಿ ಬಿಟ್ಟಿರುತ್ತಾರೆ. ರಟ್ಟಿನಲ್ಲಿ ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಸೀರೆಯ ಅಂಚಿನಲ್ಲಿ ನವಿಲು, ಹಂಸ, ಗೋಪುರ ಏನೆಲ್ಲ ಕಾಣುತ್ತೀರೋ ಅವೆಲ್ಲ ಮೊದಲು ರಟ್ಟಿನ ತೂತುಗಳಾಗಿದ್ದಂಥವು. ನಮ್ಮವರು ಬೇರೆಯವರ ಅಂಚು ನೇಯ್ದದ್ದು ಕಡಿಮೆ. ತಾವೇ ಚೌಕುಳಿ ಹಾಳೆಯ ಮೇಲೆ ಬರೆದು, ತಾವೇ ರಟ್ಟಿಗೆ ತೂತು ಹೊಡೆದು ನೇಯುತ್ತಿದ್ದರು. ಅವರು ಬರೆದದ್ದರಲ್ಲಿ ನನಗೆ ಇಷ್ಟವಾದದ್ದು ಬಾರೆಹಣ್ಣಿನ ಅಂಚು, ಎಲಚಿ ಅನ್ನುತ್ತಾರಲ್ಲ ಅದೇ ಹಣ್ಣು. ಒಂದರ ಪಕ್ಕ ಒಂದು ಬಾರೆಹಣ್ಣು, ಪ್ರತಿ ಹಣ್ಣಿಗೂ ಪುಟ್ಟ ತೊಟ್ಟು. ನಮ್ಮ ಕಡೆ ಹೊಲದ ಬದುವಿನಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಹಣ್ಣನ್ನು ರೇಷ್ಮೆಯ ಅಂಚಿಗೆ ತಂದು ಕೂರಿಸಿದ್ದರು.

ಆದರೆ ಎಲ್ಲ ಹಣ್ಣಿಗೂ ತೊಟ್ಟು ಇರಲಿಲ್ಲ. ಮೂರು ಹಣ್ಣಿಗೆ ಇತ್ತು, ನಾಲ್ಕನೆಯದಕ್ಕೆ ಇಲ್ಲ. ಮತ್ತೆ ಮೂರಕ್ಕೆ ಇತ್ತು, ನಾಲ್ಕನೆಯದು ಬೋಳು. ಹಾಗೆಯೇ ಸೀರೆಯ ಉದ್ದಕ್ಕೂ. ರಟ್ಟಿನಲ್ಲಿ ಒಂದು ತೂತು ಹೊಡೆಯುವುದನ್ನು ನಮ್ಮವರು ಮರೆತಿದ್ದರು. ಮಾಲೆ ತಿರುಗಿ ಬಂದಾಗಲೆಲ್ಲ ಆ ಮರೆವೂ ತಿರುಗಿ ಬರುತ್ತಿತ್ತು. ಯಾಕೆ ಮರೆತರು ಅಂದರೆ, ಅವರು ತೂತು ಎಣಿಸಿ ಹೊಡೆಯುತ್ತಿದ್ದ ಹೊತ್ತಿಗೆ ನಾನು ಊಟಕ್ಕೆ ಕರೆದೆನಂತೆ. ನಲವತ್ತು ವರ್ಷ ಈ ಮಾತು ಕೇಳಿದ್ದೇನೆ. ಮನೆಗೆ ಯಾರೇ ಬರಲಿ, ಸೀರೆಯ ಅಂಚು ತೋರಿಸಿ ಬೋಳು ಹಣ್ಣಿನ ಮೇಲೆ ಬೆರಳಿಟ್ಟು, "ಇದು ನಮ್ಮ ಮನೆಯವಳು ಊಟಕ್ಕೆ ಕರ್ದಿದ್ದು" ಎಂದು ಹೇಳಿಯೇ ಬಿಡುವರು. ಅಂದು ಏನು ಅಡುಗೆ ಮಾಡಿದ್ದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಮುದ್ದೆ, ಹುರುಳಿ ಸಾರು. ಬಿಸಿ ಆರುತ್ತಿತ್ತು, ಕರೆಯದೆ ಏನು ಮಾಡಲಿ?

ಇರಲಿ. ಮೊಮ್ಮಗಳಿಗೆ ಬರುತ್ತೇನೆ.

ನನ್ನ ಮಗಳನ್ನು ಚಳ್ಳಕೆರೆಗೆ ಕೊಟ್ಟಿದ್ದೇವೆ. ಅವಳ ಮಗಳು ರೇಣುಕಾ, ನಮ್ಮ ಬಾಯಲ್ಲಿ ರೇಣು. ಕಂಪ್ಯೂಟರ್ ಕಲಿತು ಅಲ್ಲಿಯೇ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಮದುವೆ ಫೋಟೋಗಳು ರೀಲಿನಿಂದ ಕಂಪ್ಯೂಟರಿಗೆ ದಾಟುತ್ತಿದ್ದ ಕಾಲ. ಮದುಮಗಳ ಮುಖದ ಮೊಡವೆ ತೆಗೆಯುವುದು, ಅಳುತ್ತಿದ್ದ ಬೀಗರನ್ನು ಪಟದಿಂದಲೇ ಎತ್ತಿಬಿಡುವುದು, ಇಂಥ ಕೆಲಸಗಳು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು.

ಅಂಥ ಒಂದು ಭಾನುವಾರ ನಮ್ಮವರು ಅಟ್ಟದಿಂದ ರಟ್ಟಿನ ಮಾಲೆಗಳ ಚೀಲ ಇಳಿಸಿದರು. ಆಗಲೇ ಅವರ ಕಣ್ಣಿಗೆ ಪೊರೆ ಬಂದು ಮಗ್ಗದಿಂದ ಎದ್ದು ಎರಡು ವರ್ಷವಾಗಿತ್ತು. ಚೀಲ ಬಿಚ್ಚಿ ಕೈ ಹಾಕಿದವರು ಹಾಗೆಯೇ ಕೂತುಬಿಟ್ಟರು. ಕೈ ಹೊರಗೆ ತೆಗೆದರೆ ಬರೀ ಮಣ್ಣು. ಗೆದ್ದಲು ಬಾರೆಹಣ್ಣಿನ ಮಾಲೆಯನ್ನು ಪೂರಾ ತಿಂದು, ಪಕ್ಕದ ಹಂಸದ ಮಾಲೆಗೆ ಬಾಯಿ ಇಟ್ಟಿತ್ತು.

"ಹೋಗ್ಲಿ ಬಿಡು. ನೇಯೋರು ಯಾರಿದಾರೆ ಈಗ" ಅಂದರು. ಹಾಗೆ ಅಂದವರು ಆ ಮಣ್ಣನ್ನು ಮಾತ್ರ ಕೈಯಿಂದ ಕೊಡವಲಿಲ್ಲ.

ರೇಣು ಅಜ್ಜನ ಎದುರಿಗೆ ಕೂತು, ಉಳಿದ ರಟ್ಟೊಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜ, ಕಂಪ್ಯೂಟರೂ ಹಿಂಗೇ ಕಣಜ್ಜ. ಐತೆ, ಇಲ್ಲ. ಅದಕ್ಕೆ ಗೊತ್ತಿರೋದು ಈ ಎರಡೇ ಮಾತು."

"ಹಂಗಾದ್ರೆ ನಾನು ಐವತ್ತು ವರ್ಷದಿಂದ ಕಂಪ್ಯೂಟರ್ ತುಳೀತಾ ಇದೀನಿ ಅನ್ನು" ಅಂದರು ನಮ್ಮವರು. ಅಂದು ಅವರು ಆಡಿದ ಎರಡನೆಯ ಮಾತು ಅದು.

ಅಲ್ಲಿಂದ ಶುರುವಾಯಿತು ಇವಳ ಹುಚ್ಚು. ಉಳಿದ ರಟ್ಟುಗಳ ಪಟ ತೆಗೆದಳು. ಅಷ್ಟಕ್ಕೆ ನಿಲ್ಲದೆ, ನಮ್ಮ ಬೀದಿಯ ಹಳೆಯ ಸೀರೆಗಳನ್ನೆಲ್ಲ ಕೇಳಿ ಪಡೆದು ಚಳ್ಳಕೆರೆಗೆ ಒಯ್ದು, ಸ್ಟುಡಿಯೋದ ಸ್ಕ್ಯಾನರ್ ಎಂಬ ಗಾಜಿನ ಪೆಟ್ಟಿಗೆಯ ಮೇಲೆ ಅಂಚು ಹಾಸಿ ಪಟ ಇಳಿಸಿ, ಮುಂದಿನ ಭಾನುವಾರ ವಾಪಸು ತರುತ್ತಿದ್ದಳು. ಯಾರು ಕೊಡುತ್ತಾರೆ ಹೇಳಿ ರೇಷ್ಮೆ ಸೀರೆಯನ್ನು? ನಾನು ಅವಳ ಜೊತೆ ಬಾಗಿಲು ಬಾಗಿಲಿಗೆ ಹೋಗಿ, "ನನ್ನ ಮೊಮ್ಮಗಳು. ನಾನು ಜಾಮೀನು" ಅಂದೆ. ಕೊಟ್ಟರು. ಹೆಂಗಸರು ಸೀರೆ ಕೊಟ್ಟರೆಂದರೆ ಅದು ಸಣ್ಣ ನಂಬಿಕೆಯಲ್ಲ. ಅದರಲ್ಲಿ ನನ್ನ ಪಾಲು ಎಷ್ಟು, ನನ್ನ ಬಾಯಿಯ ಪಾಲು ಎಷ್ಟು ಎಂದು ಲೆಕ್ಕ ಹಾಕಬೇಡಿ.

ಒಂದು ದಿನ ರೇಣು ಹೇಳಿದಳು. "ಅಜ್ಜಿ, ಇದಕ್ಕೆಲ್ಲ ಬ್ಯಾಕಪ್ ಬೇಕು."

"ಏನು ಬೇಕಪ್ಪ?"

"ಬೇಕಪ್ಪ ಅಲ್ಲಜ್ಜಿ, ಬ್ಯಾಕಪ್! ಅಂದ್ರೆ ಇನ್ನೊಂದು ಕಾಪಿ. ಇದು ಹೋದ್ರೆ ಅದಿರ್ಬೇಕು."

"ಅದ್ನೇ ತಾನೆ ನಾನೂ ಹೇಳಿದ್ದು? ಇನ್ನೊಂದು ಬೇಕಪ್ಪ ಅಂತ."

ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬೇಕಪ್ಪ. ಈಗ ರೇಣು ಬಾಯಲ್ಲೂ ಹಾಗೆಯೇ ಬರುತ್ತದೆ. ಸ್ಟುಡಿಯೋದ ಸಾಹೇಬರು ಕೂಡ "ರೇಣಮ್ಮ, ನಿನ್ನೆ ಮದುವೇದು ಬೇಕಪ್ಪ ಆಯ್ತಾ?" ಎಂದು ಕೇಳುತ್ತಾರಂತೆ. ಮೂರನೇ ಕ್ಲಾಸಿನವಳ ಮಾತು ಚಳ್ಳಕೆರೆಯವರೆಗೂ ನಡೆಯುತ್ತಿದೆ.

ಬೇಕಪ್ಪ ಸರಿ, ಯಾವುದರ ಮೇಲೆ? ಸ್ಟುಡಿಯೋದ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಲಗ್ನದ ಕಾಲ ಬಂತೆಂದರೆ ವಾರಕ್ಕೊಮ್ಮೆ ಎಲ್ಲ ಅಳಿಸಿ ಜಾಗ ಮಾಡಬೇಕು, ಅದರಲ್ಲಿ ಇವಳ ಅಂಚುಗಳೂ ಹೋಗಬೇಕು. ಮೊದಲು ಫ್ಲಾಪಿ ಎಂಬುದನ್ನು ತಂದು ತೋರಿಸಿದಳು. ಕರೀ ಚೌಕ, ಅಂಗೈಯಗಲ. ಇದರಲ್ಲಿ ಎಷ್ಟು ಹಿಡಿಸುತ್ತದೆ ಎಂದರೆ, ಒಂದು ಸೆರಗು ತುಂಬಿಸುವುದಕ್ಕೆ ಇಂಥವು ಹತ್ತಾರು ಬೇಕಂತೆ. ನಮ್ಮವರು ಅದನ್ನು ಬೆರಳಲ್ಲಿ ತಡವಿ, "ಇದು ಕರ್ಚೀಪು. ಕರ್ಚೀಪಿನಾಗೆ ಸೀರೆ ಗಂಟು ಕಟ್ಟೋಕಾಗ್ತೈತೇನವ್ವ?" ಅಂದರು. ಫ್ಲಾಪಿಯ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಸೀಡಿ. ಕೊಳ್ಳುವುದಕ್ಕೆ ನನ್ನನ್ನೂ ಚಳ್ಳಕೆರೆಯ ಬಜಾರಿಗೆ ಕರೆದುಕೊಂಡು ಹೋದಳು. ನಾನೇ ಹೋದೆ ಅನ್ನಿ. ವ್ಯಾಪಾರವೆಂದರೆ ನನಗೆ ಊಟ ಬೇಡ. ಕ್ಯಾಸೆಟ್ಟು, ವಾಚಿನ ಸೆಲ್ಲು, ಟಾರ್ಚು ಮಾರುವ ಪುಟ್ಟ ಅಂಗಡಿ. ಅಂಗಡಿಯವನು ಎರಡು ಥರ ತೆಗೆದಿಟ್ಟ. ಒಂದು ಥರದ್ದು ಚಕ್ಕುಲಿ ಜೋಡಿಸಿದ ಹಾಗೆ ಕಡ್ಡಿಗೆ ಪೋಣಿಸಿ ಡಬ್ಬಿಯಲ್ಲಿ ತುಂಬಿದ್ದು, ಹೆಸರಿಲ್ಲ, ಕುಲವಿಲ್ಲ. ಇನ್ನೊಂದು, ಒಂದೊಂದಕ್ಕೂ ಬೇರೆ ಬೇರೆ ಪೆಟ್ಟಿಗೆ.

"ಇದು ಸಸ್ತಾ ಮಾಲು, ಇದು ಅಸಲಿ ಮಾಲು ಅಮ್ಮಾ. ಎರಡ್ರಾಗೂ ಹಿಡಿಸೋದು ಅಷ್ಟೇ."

"ಅಷ್ಟೇ ಹಿಡಿಸೋದಾದ್ರೆ ಇದಕ್ಯಾಕಪ್ಪ ಮೂರು ಪಟ್ಟು ರೇಟು?"

"ಬಾಳಿಕೆ ಬರ್ತೈತೆ. ನೂರು ವರ್ಷ ಅಂತ ಬರ್ದವ್ರೆ ನೋಡಿ."

"ಬರ್ದೋನು ನೂರು ವರ್ಷ ಕೂತು ನೋಡಿದಾನಾ?"

ಅಂಗಡಿಯವನು ನಕ್ಕ. ರೇಣು ನನ್ನ ಸೆರಗು ಎಳೆದಳು. ಅಲ್ಲಿಯೇ ಗಾಜಿನೊಳಗೆ ಇನ್ನೊಂದು ವಸ್ತು ಇತ್ತು, ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕಂತೆ. ಇವಳ ಕಣ್ಣು ಅದರ ಮೇಲೆ.

"ಅದ್ರಾಗೆ ನಮ್ಮ ಅಷ್ಟೂ ಅಂಚು ಒಂದೇ ಕಡೆ ಹಿಡಿಸ್ತವೆ ಅಜ್ಜಿ."

"ಕೈ ಜಾರಿ ಬಿದ್ರೆ?"

"ಬಿದ್ರೆ ಅಷ್ಟೂ ಒಂದೇ ಸಲ ಹೋಗ್ತವೆ" ಎಂದು ಅವಳೇ ಒಪ್ಪಿಕೊಂಡಳು. ಬೆಲೆ ಕೇಳಿದೆವು. ಅದಕ್ಕೆ ಮದುವೆಯ ಸೀರೆ ಎರಡು ಬರುತ್ತಿದ್ದವು. ಸುಮ್ಮನೆ ಈಚೆ ತಿರುಗಿದೆವು.

ಕೊನೆಗೆ ಅವಳ ಸಂಬಳಕ್ಕೆ ಎಟುಕಿದ್ದು ಡಬ್ಬಿಯ ಸಸ್ತಾ ಸೀಡಿಗಳೇ. ಐವತ್ತು ತೆಗೆದುಕೊಂಡಳು. ಇನ್ನೇನು ಹೊರಡಬೇಕು, ನಾನು ಹೆಜ್ಜೆ ಎತ್ತಲಿಲ್ಲ.

"ಕೊಸರು ಎಲ್ಲಪ್ಪ?"

"ಸೀಡಿಗೆ ಕೊಸರೇನಮ್ಮ! ಇದೇನು ಸೊಪ್ಪಾ, ಬದನೆಕಾಯಾ?"

"ಐವತ್ತು ತಗೊಂಡೀವಿ. ಮೇಲೊಂದು ಹಾಕ್ಬೇಕು. ಬದನೆಕಾಯಿ ಮಾರೋನಿಗಿರೋ ಧರ್ಮ ನಿನಗಿಲ್ವಾ?"

ಅವನು ಡಬ್ಬಿಯಿಂದ ಒಂದು ತೆಗೆಯಲು ಹೋದ. "ಅದಲ್ಲ, ಅದು" ಎಂದು ಪೆಟ್ಟಿಗೆಯ ಅಸಲಿ ಮಾಲಿಗೆ ಕೈ ತೋರಿಸಿದೆ. ಅಂಗಡಿಯವನು ಆಕಾಶ ನೋಡಿದ, ರೇಣು ನೆಲ ನೋಡಿದಳು. ಕೊಟ್ಟ. "ಲೇಜಾವ್ ಅಮ್ಮಾ, ತಗೊಂಡ್ಹೋಗಿ, ನೀವು ದಿನಾ ಬಂದ್ರೆ ನಾನು ಅಂಗಡಿ ಮುಚ್ತೀನಿ" ಅಂದ.

ಸ್ಟುಡಿಯೋಗೆ ಹೋಗಿ ಕೊಸರಿನ ಸೀಡಿಯನ್ನೇ ಮೊದಲು ಯಂತ್ರದೊಳಗೆ ಇಟ್ಟಳು. "ಬೋಣಿ ಮಾಡ್ತೀನಿ ಅಜ್ಜಿ. ನಿನ್ನ ಕೈಗುಣ ನೋಡಾಣ" ಎಂದು ಏನೋ ಒತ್ತಿದಳು. ಯಂತ್ರ ಗುಯ್ಯೆಂದಿತು. ಆ ಮೇಲೆ ಸಸ್ತಾ ಸೀಡಿಗಳನ್ನು ಒಂದಾದ ಮೇಲೊಂದು ತುಂಬಿಸಿ, ಮಸಿಯ ಪೆನ್ನಿನಲ್ಲಿ ನಂಬರು ಹಾಕುತ್ತಾ ಹೋದಳು. ಕೆಲವು ವಾರಗಳಲ್ಲಿ ಎಲ್ಲ ತುಂಬಿ ನಮ್ಮ ಮನೆಯ ಬೀರುವಿಗೆ ಬಂದವು. ಕಂಪ್ಯೂಟರಿನಿಂದ ಅಳಿಸಿದ್ದೂ ಆಯಿತು. ಚೀಲ, ಗೆದ್ದಲು ಯಾವುದರ ಭಯವೂ ಇಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ನಾನು ಬುದ್ಧಿ ಕೆಟ್ಟದ್ದು ಇಲ್ಲಿಯೇ.

ಬಾರೆಹಣ್ಣಿನ ಅಂಚಿನ ಸೀರೆ ಉಳಿದಿದ್ದದ್ದು ಊರಿಗೆಲ್ಲ ನನ್ನದೊಂದೇ. ಮಡಿಕೆ ಮಡಿಕೆಗೂ ಸೀಳಿ, ಉಡುವುದಿರಲಿ, ಬಿಚ್ಚಿದರೆ ಉದುರುತ್ತಿತ್ತು. ಒಂದು ಬೆಳಿಗ್ಗೆ ಬೀದಿಯಲ್ಲಿ "ಹಳೇ ಜರಿ ಸೀರೇ" ಎಂದು ಕೂಗು ಬಂತು. ಈ ಜರಿಯವರು ಹಳೆಯ ಸೀರೆ ಕೊಂಡು ಸುಟ್ಟು, ಬೂದಿಯಿಂದ ಬೆಳ್ಳಿ ತೆಗೆಯುತ್ತಾರೆ. ಅವನ ಸೈಕಲ್ಲಿಗೆ ಸ್ಟೀಲ್ ಕೊಡಗಳು ತೂಗುಬಿದ್ದಿದ್ದವು, ಹೊಳೆಯುತ್ತಿದ್ದವು. ನನ್ನ ಕೊಡ ಸೋರುತ್ತಿತ್ತು. ಸೀರೆ ಹೇಗೂ ಸೀಡಿಯೊಳಗೆ ಇದೆಯಲ್ಲ, ಬೇಕಪ್ಪ ಆಗಿದೆಯಲ್ಲ, ಈ ಚಿಂದಿ ಯಾಕೆ ಎಂದುಕೊಂಡೆ. ಯಜಮಾನರು ಆಗ ಕಟಿಂಗ್ ಮಾಡಿಸಿಕೊಳ್ಳಲು ಹೋಗಿದ್ದರು. ಸೀರೆ ಕೊಟ್ಟೆ, ಕೊಡ ತೆಗೆದುಕೊಂಡೆ. ಅವನು ಗಂಟು ಕಟ್ಟಿ ಸೈಕಲ್ ಹತ್ತುವಾಗ ಒಂದು ಚೂರು ಅಂಚು ಗಂಟಿನಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಕಂಡೂ ಸುಮ್ಮನಿದ್ದೆ. ಕೊಡ ಮಾತ್ರ ಒಳ್ಳೆಯ ಕೊಡ, ಸುಳ್ಳು ಹೇಳಬಾರದು.

ಅದಾದ ಮೇಲೆ ಒಂದು ಮಧ್ಯಾಹ್ನ ಬೀರು ಒರೆಸುತ್ತಾ ಸೀಡಿಗಳನ್ನು ತಿರುವಿ ನೋಡಿದೆ. ಸಸ್ತಾ ಸೀಡಿಯ ತಳ ನೀಲಿ. ಕೊಸರಿನದರ ತಳ ತೆಳು ಬಂಗಾರದ ಬಣ್ಣ. ಹಿಂದೆ ಒಮ್ಮೆ ರೇಣು ಹೇಳಿದ್ದು ನೆನಪಾಯಿತು. "ಇದ್ರ ಒಳಗೆ ಬಣ್ಣ ಹಚ್ಚಿರ್ತಾರಜ್ಜಿ, ಬೆಳಕಿನಿಂದ ಆ ಬಣ್ಣ ಸುಟ್ಟು ಬರೆಯೋದು." ಬಣ್ಣ! ಹಾಗಾದರೆ ಇದು ನನಗೆ ಗೊತ್ತಿರುವ ವಿಷಯ. ರೇಷ್ಮೆಗೆ ಹಾಕಿದ ಬಣ್ಣ ನಿಲ್ಲುತ್ತದೋ ಇಲ್ಲವೋ ನೋಡುವುದಕ್ಕೆ ನಮ್ಮತ್ತೆ ಒಂದು ಲಡಿ ನೂಲನ್ನು ಎಂಟು ದಿನ ಮಾಳಿಗೆಯ ಬಿಸಿಲಿಗೆ ಹಾಕುತ್ತಿದ್ದರು. ಎಂಟು ದಿನ ತಡೆದರೆ ಎಂಟು ವರ್ಷ ತಡೆಯುತ್ತದೆ ಎಂದು ಅವರ ಶಾಸ್ತ್ರ. ಬಿಸಿಲಿಗೆ ಹಾಕದ ಬಣ್ಣವನ್ನು ನಂಬಬೇಡ ಕಣೇ ಎಂದು ಅವರು ಹೇಳಿದ್ದು ಎಷ್ಟು ಸಲವೋ.

ಹಾಕಿದೆ. ಸಸ್ತಾದರಲ್ಲಿ ಮೇಲೆ ಕೈಗೆ ಸಿಕ್ಕಿದ್ದೊಂದು, ಕೊಸರಿನದು ಒಂದು. ತಳ ಮೇಲೆ ಮಾಡಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟು, ಎಂಟು ದಿನ. ನಮ್ಮೂರಿನ ಬಿಸಿಲು ನಿಮಗೆ ಗೊತ್ತಲ್ಲ, ಅದಕ್ಕೆ ಮುಲಾಜಿಲ್ಲ.

ಒಂಬತ್ತನೆಯ ದಿನ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಚಳ್ಳಕೆರೆಯ ಬಸ್ಸು ಹತ್ತಿದೆ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಹೊರಟವಳ ಹಾಗಿದ್ದೆ. ತಳಕಿನಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತ ಹೆಂಗಸಿಗೂ ಬಿಚ್ಚಿ ತೋರಿಸಿದೆ. ಸ್ಟುಡಿಯೋಗೆ ಹೋದವಳೇ ಮೇಜಿನ ಮೇಲಿಟ್ಟೆ.

"ಎಂಟು ದಿನ ಬಿಸಿಲಾಗೆ ಹಾಕಿದ್ದೆ ಕಣೆ. ಯಾವ್ದು ಬಣ್ಣ ನಿಂತೈತೆ ನೋಡು."

ರೇಣು ಬಾಯಿ ತೆರೆದವಳು ಮುಚ್ಚಲಿಲ್ಲ. "ಬಿಸಿಲಿಗಾ? ಅಜ್ಜೀ, ಇವನ್ನೇನು ಸಂಡಿಗೆ ಅನ್ಕೊಂಡಿಯಾ?"

ಸಸ್ತಾದ್ದನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಗರಗರ ಅಂದಿತು, ನಿಂತಿತು, ಮತ್ತೆ ಗರಗರ ಅಂದಿತು. ಪರದೆಯ ಮೇಲೆ ಏನೂ ಬರಲಿಲ್ಲ. ಹೊರಗೆ ತೆಗೆದು ಒರೆಸಿದಳು, ಮತ್ತೆ ಹಾಕಿದಳು. ಇಲ್ಲ. ಸ್ಟುಡಿಯೋದ ಸಾಹೇಬರು ಎದ್ದು ಬಂದು ತಾವೂ ಒಮ್ಮೆ ಹಾಕಿದರು. ಅವರಿಗೂ ಇಲ್ಲ.

"ಇರ್ಲಿ ಬಿಡಜ್ಜಿ, ಅಳಬ್ಯಾಡ" ಅಂದಳು ರೇಣು. ನಾನು ಇನ್ನೂ ಅಳಲು ಶುರು ಮಾಡಿರಲಿಲ್ಲ. "ಯಾವ ನಂಬರು ನೋಡಾಣ. ಏಳು. ಏಳು ಅಂದ್ರೆ ನಿನ್ನ ಸೀರೇನೇ, ಬಾರೆಹಣ್ಣು. ಸದ್ಯ, ಮನೇದೇ ಹೋಗಿರೋದು. ಮುಂದಿನ ವಾರ ಸೀರೆ ತಗೊಂಡು ಬರ್ತೀನಿ, ಮತ್ತೆ ಪಟ ತೆಗೆದ್ರಾಯ್ತು."

ನಾನು ಕಂಡಿಕೆ ಸುತ್ತುವ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದೆ.

"ಅಜ್ಜಿ? ಸೀರೆ ಐತಲ್ವಾ?"

"ಕೊಡ ತಗೊಂಡೆ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಅಜ್ಜಂಗೆ ಏನು ಹೇಳ್ತೀಯ?" ಅಂದಳು, ಅಷ್ಟೇ. ರಟ್ಟು ಗೆದ್ದಲಿಗೆ ಹೋಯಿತು, ಸೀರೆ ಬೆಂಕಿಗೆ ಹೋಯಿತು, ಪಟ ಬಿಸಿಲಿಗೆ ಹೋಯಿತು. ಬರೆದವರ ಕಣ್ಣಿಗೆ ಪೊರೆ. ಮೂರನೆಯದನ್ನೂ ಎರಡನೆಯದನ್ನೂ ಮಾಡಿದವಳು ನಾನು. ಗೆದ್ದಲು ವಾಸಿ, ಅದಕ್ಕೆ ಹಸಿವಾಗಿತ್ತು. ನನಗೇನಾಗಿತ್ತು?

ರೇಣು ಮಾಡಲು ಬೇರೇನೂ ತೋಚದೆ ಎರಡನೆಯ ಸೀಡಿಯನ್ನು ಯಂತ್ರದೊಳಗೆ ತಳ್ಳಿದಳು. ಯಂತ್ರ ಒಮ್ಮೆ ಗುಯ್ಯೆಂದಿತು. ಮರುಗಳಿಗೆಗೆ ಪರದೆಯ ತುಂಬಾ ಬಾರೆಹಣ್ಣು! ಒಂದೊಂದೂ ಬದನೆಕಾಯಿ ಗಾತ್ರ. ಎಳೆ ಎಳೆ ಎಣಿಸಬಹುದು.

"ಬೋಣಿ!" ಎಂದು ಕಿರುಚಿದಳು. "ಅಜ್ಜೀ, ಬೋಣಿ ಮಾಡಿದ್ನಲ್ಲ! ಸೀಡಿ ಮೇಲೆ ಬರೆಯೋಕಾಗ್ತೈತಾ ನೋಡೋಕೆ ಮೊದ್ಲು ಹಾಕಿದ್ದು ನಿನ್ನ ಸೀರೇನೇ. ನಂಗೇ ಮರ್ತಿತ್ತು!"

ಆಗ ಅತ್ತುಬಿಟ್ಟೆ. ಇಬ್ಬರೂ ಅತ್ತೆವು. ಸಾಹೇಬರು, "ಮದುಮಗಳನ್ನ ಕಳಿಸ್ದಂಗೆ ಅಳ್ತೀರಲ್ಲ, ಫೋಟೋ ತೆಗೀಲಾ?" ಎಂದು ಟೀ ತರಿಸಿದರು.

ಅಳು ನಿಂತ ಮೇಲೆ ನನ್ನ ಮೊಮ್ಮಗಳ ತಲೆ ಕೆಲಸ ಮಾಡಿದ್ದನ್ನು ನೋಡಬೇಕಿತ್ತು ನೀವು. ಮರುದಿನವೇ ಮೊಳಕಾಲ್ಮುರಿಗೆ ಬಂದು ಉಳಿದ ಸಸ್ತಾ ಸೀಡಿಗಳನ್ನೆಲ್ಲ ಒಯ್ದು ಒಂದೊಂದಾಗಿ ಹಾಕಿ ನೋಡಿದಳು. ಬಿಸಿಲು ಕಾಣದೆ ಬೀರುವಿನಲ್ಲೇ ಇದ್ದವುಗಳಲ್ಲೂ ಮೂರು ಆಗಲೇ ತಡವರಿಸುತ್ತಿದ್ದವಂತೆ. "ನೀನು ಬಿಸಿಲಿಗೆ ಹಾಕ್ದೆ ಇದ್ದಿದ್ರೆ ನಾನು ಎರಡು ವರ್ಷ ಬಿಟ್ಟು ನೋಡ್ತಿದ್ದೆ ಅಜ್ಜಿ. ಅಷ್ಟ್ರಾಗೆ ಎಲ್ಲಾ ಹೋಗಿರೋವು" ಅಂದಳು. ಈ ಮಾತನ್ನು ಅವಳಿಂದ ಆಮೇಲೆ ಎಷ್ಟೋ ಸಲ ಹೇಳಿಸಿದ್ದೇನೆ, ಬಂದ ನೆಂಟರೆದುರಿಗೆಲ್ಲ.

ಆ ಮೇಲೆ ತಿಂಗಳು ತಿಂಗಳು ಸಂಬಳ ಬಂದ ಹಾಗೆ ಅಸಲಿ ಮಾಲನ್ನೇ ನಾಲ್ಕು, ಐದು ಕೊಂಡು, ಸಸ್ತಾ ಸೀಡಿಗಳನ್ನು ಯಂತ್ರ ಇನ್ನೂ ಓದುತ್ತಿರುವಾಗಲೇ ಎಲ್ಲವನ್ನೂ ಅವಕ್ಕೆ ಇಳಿಸಿದಳು. ಪ್ರತಿಯೊಂದೂ ಎರಡೆರಡು. ಹೊಸದು ತಂದಾಗಲೆಲ್ಲ ಮೊದಲು ಅವುಗಳಲ್ಲೊಂದು ನಮ್ಮ ಮಾಳಿಗೆಗೆ ಬರುತ್ತಿತ್ತು, ಎಂಟು ದಿನದ ಪರೀಕ್ಷೆಗೆ. ಬಿಸಿಲು ಕಂಡದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅದು ನಮ್ಮತ್ತೆಯ ಪ್ರಸಾದ. ಮೊದಲು ಸತ್ತ ಆ ಏಳನೆಯ ನಂಬರೇ ಈಗ ತಂತಿಯಲ್ಲಿ ಕಾಗೆ ಓಡಿಸುತ್ತಿರುವುದು.

"ಎರಡೂ ಕಾಪಿ ನಿನ್ನ ಬೀರಿನಾಗೇ ಇರ್ಲಿ" ಅಂದಳು. ನಾನು ಬೇಡವೆಂದೆ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ನಮ್ಮ ಹೆಪ್ಪು ಕೆಟ್ಟರೆ ಅವ್ವ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಿದ್ದಳು. ದೀಪ ಹಚ್ಚುವುದರೊಳಗೆ ಹೋಗಬೇಕು, ಆಮೇಲೆ ಕೊಡುವುದಿಲ್ಲ. ಅವರ ಮನೆಯ ಹೆಪ್ಪು ನಮ್ಮದರಿಂದಲೇ ಹೋದದ್ದು. ನಮ್ಮದನ್ನೇ ಅವರಿಂದ ತಂದು ಮತ್ತೆ ನಮ್ಮದು ಮಾಡಿಕೊಳ್ಳುತ್ತಿದ್ದೆವು. ಕೊಟ್ಟಿದ್ದರಿಂದಲೇ ಉಳಿಯಿತು. "ಒಂದು ಇಲ್ಲಿರ್ಲಿ, ಒಂದು ಚಳ್ಳಕೆರೆಯಾಗಿರ್ಲಿ. ಸೀರೆ ಕೊಟ್ಟೋರ ಮನೆಗೂ ಅವರವರದು ಒಂದೊಂದು ಕೊಡು" ಅಂದೆ. ಕೊಟ್ಟಳು. ಈಗ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇಲ್ಲದ ಮನೆಗಳಲ್ಲೂ ದೇವರ ಗೂಡಿನ ಪಕ್ಕ ಒಂದೊಂದು ಸೀಡಿ ಇದೆ.

ಸ್ಟೀಲ್ ಕೊಡದ ಕಥೆಯನ್ನು ಯಜಮಾನರಿಗೆ ಹೇಳಿದ್ದು ಅಂದು ಚಳ್ಳಕೆರೆಯಿಂದ ಬಂದ ಸಂಜೆಯೇ. ಮುಚ್ಚಿಡುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಪೂರ್ತಿ ಕೇಳಿದರು. "ಏಮೇ, ಬುದ್ಧಿ ಉಂದಾ ನೀಕು?" ಅಂದರು. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಬುದ್ಧಿ ಇದೆಯಾ ಎಂದು ಕೇಳಿದವರು ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಎರಡು ದಿನ ಆ ಕೊಡದ ನೀರು ಮುಟ್ಟಲಿಲ್ಲ. ಬಿಂದಿಗೆಯಿಂದ ಬಗ್ಗಿಸಿಕೊಂಡು ಕುಡಿದರು.

ಇನ್ನೊಂದು ವರ್ಷ ಕಳೆಯಿತು. ರೇಣು ಆ ಬೋಣಿಯ ಪಟವನ್ನು ದೊಡ್ಡದು ಮಾಡಿ, ಎಳೆ ಎಣಿಸಿ, ಚೌಕುಳಿ ಹಾಳೆಯ ಮೇಲೆ ಒಂದೊಂದು ಮನೆಯನ್ನೂ ತುಂಬಿದಳು. ಅಜ್ಜ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟರು, ಇವಳು ಬರೆದಳು. ಆ ಹಾಳೆಯನ್ನು ನಮ್ಮೂರಿನಲ್ಲೇ ರಟ್ಟು ಹೊಡೆಯುವವರ ಹತ್ತಿರ ಒಯ್ದಾಗ ನಾನೂ ಜೊತೆಯಲ್ಲಿದ್ದೆ. ಆತ ಹಾಳೆಯ ಮೇಲೆ ಬೆರಳು ಆಡಿಸಿ ಕೇಳಿದ.

"ಇಲ್ಲೊಂದು ಹಣ್ಣಿಗೆ ತೊಟ್ಟು ಬಿಟ್ಟೀಯಲ್ಲವ್ವ. ಒಂದೇ ತೂತಿನ ಕೆಲಸ, ಸೇರಿಸ್ಲಾ?"

"ಬ್ಯಾಡಣ್ಣ" ಅಂದಳು ನನ್ನ ಮೊಮ್ಮಗಳು. "ಹೆಂಗೈತೋ ಹಂಗೇ ಹೊಡಿ."

ರೇಷ್ಮೆ, ಜರಿ ಎಲ್ಲ ಅವಳ ಸಂಬಳದ್ದೇ. ಹಿಂದಿನ ಬೀದಿಯ ಮಗ್ಗದಲ್ಲಿ ನೇಯಿಸಿದಳು. ಸೀರೆ ಮಗ್ಗದಿಂದ ಇಳಿದ ದಿನ ನೇರ ತಂದು ನನ್ನ ಮಡಿಲಿಗೆ ಹಾಕಿ, "ಇದನ್ನ ಕೊಡಕ್ಕೆ ಹಾಕ್ಬ್ಯಾಡ" ಅಂದಳು. ನಾನು ಮಡಿಕೆ ಬಿಚ್ಚಿ ಅಂಚು ಹುಡುಕಿದೆ.

ನಮ್ಮವರು ಕೈ ಚಾಚಿದರು. ಸೀರೆಯ ಅಂಚನ್ನು ಅವರ ಕೈಗೆ ಕೊಟ್ಟೆವು. ಕಣ್ಣು ಎತ್ತಲೋ ನೋಡುತ್ತಿತ್ತು, ಹೆಬ್ಬೆರಳು ಅಂಚಿನ ಮೇಲೆ ಮೆಲ್ಲಗೆ ನಡೆಯಿತು. ಒಂದು ಹಣ್ಣು, ತೊಟ್ಟು. ಇನ್ನೊಂದು ಹಣ್ಣು, ತೊಟ್ಟು. ಮೂರನೆಯದು, ತೊಟ್ಟು. ನಾಲ್ಕನೆಯದರ ಮೇಲೆ ಬೆರಳು ನಿಂತಿತು. ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಏನೇ, ನೀನು ಊಟಕ್ಕೆ ಕರ್ದಿದ್ದೂ ಉಳ್ಕೊಂಡೈತಲ್ಲೇ" ಅಂದರು.

ಆಮೇಲೆ ನೀರು ಕೇಳಿದರು. ಸ್ಟೀಲ್ ಕೊಡದಿಂದಲೇ ಬಗ್ಗಿಸಿ ಕೊಟ್ಟೆ. ಕುಡಿದರು.